ಮೋಡದೊಳಗಿನ ಅತಿಶೀತಲ ಜಲ: ಅದನ್ನಳೆಯುವ ಉಪಕರಣದ ಪರೀಕ್ಷೆ

ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುವುದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಈ ಮಾತು ಪೂರ್ಣ ಸತ್ಯವಲ್ಲವೆಂಬುದನ್ನು ಪ್ರಯೋಗದಿಂದ ಕಂಡು ಬರೆದವರಲ್ಲಿ ಮೊದಲಿಗನೆನ್ನಬಹುದಾದವನು ಫ್ಯಾರನ್‌ಹೀಟ್. ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗಿನ ಮಳೆನೀರು ಹಿಮಬಿಂದುವಿಗಿಂತ ಬಹಳ ಕೆಳಗಿನ ಶೈತ್ಯದಲ್ಲಿಯೂ ದ್ರವವಾಗಿಯೇ ಉಳಿದು, ಒಳಕ್ಕೆ ಗಾಳಿ ಹೊಕ್ಕಾಗ ಒಮ್ಮೆಲೇ ಹಿಮವಾಯಿತೆಂದು ಆತನು ೧೭೨೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿಮಾಡಿದನು. ಇಂಥ ನೀರನ್ನೇ ನಾವು ಇಲ್ಲಿ ಅತಿಶೀತಲ ಜಲವೆಂದು ಕರೆಯುತ್ತೇವೆ. ಮೋಡಗಳಲ್ಲಿ ಇದು ಅಪರೂಪದ ವಸ್ತುವೇನೂ ಅಲ್ಲ. ಹೆಪ್ಪುಗಟ್ಟಲು ಆಧಾರವಾಗುವ ಕಣವೊಂದು ದೊರೆಯದಿದ್ದರೆ ಸಣ್ಣ ಹನಿಗಳು ಸೊನ್ನೆಗಿಂತ ಸುಮಾರು ೩೮ ಡಿಗ್ರಿ ಕೆಳಗಿನವರೆಗೂ ದ್ರವವಾಗಿರಬಲ್ಲವು.

ಈ ಹನಿಗಳ ದಾರಿಗೆ ವಿಮಾನವು ಅಡ್ಡಬಂದರೆ ಅವು ರೆಕ್ಕೆಯನ್ನು ಮುಟ್ಟಿ ಹಿಮವಾಗುತ್ತವೆ. ರೆಕ್ಕೆಯ ಆಕಾರ ಕೆಡುತ್ತದೆ. ೧೯೯೪ರ ಅಕ್ಟೋಬರ್ ೩೧ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ಪ್ರಯಾಣಿಕ ವಿಮಾನವೊಂದು ಹೀಗೆಯೇ ಬಿದ್ದು ಅದರಲ್ಲಿದ್ದ ೬೮ ಮಂದಿಯೂ ಮಡಿದರು. ಯಾವ ಎತ್ತರದಲ್ಲಿ ಎಷ್ಟು ಅತಿಶೀತಲ ಜಲವಿದೆಯೆಂಬ ಪ್ರಶ್ನೆಯು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಹವಾಬೆಲೂನಿನಲ್ಲಿ ರೇಡಿಯೋ ಉಪಕರಣವನ್ನು ಕಟ್ಟಿ ಮೇಲಕ್ಕೆ ಬಿಡುವ ಪದ್ಧತಿ ಫ್ರಾನ್ಸಿನಲ್ಲಿ ೧೯೨೯ರಲ್ಲಿಯೂ ರಷ್ಯದಲ್ಲಿ ೧೯೩೦ರಲ್ಲಿಯೂ ಆರಂಭವಾಯಿತು. ಉಷ್ಣತೆ, ಒತ್ತಡ, ತೇವಾಂಶಗಳನ್ನು ಅದು ತಿಳಿಸುತ್ತಿತ್ತು, ದ್ರವಜಲವನ್ನು ತಿಳಿಸುತ್ತಿರಲಿಲ್ಲ. ಈ ಕೊರತೆಯನ್ನು ತುಂಬಲು ಹಿಲ್ ಮತ್ತು ವಾಫಿಂಡೆನ್ ಎಂಬ ಅಮೆರಿಕದ ವಿದ್ವಾಂಸರು ೧೯೮೦ರಲ್ಲಿ ವರ್ಣಿಸಿದ ಉಪಾಯವು ಬಹು ಸರಳವಾದುದು. ತೆಳುವಾದ ಉಕ್ಕಿನ ತಂತಿಯೊಂದನ್ನು ಕಂಪಿಸುವಂತೆ ಮಾಡಿ ಬೆಲೂನಿನೊಡನೆ ಕಳುಹಿಸುವುದು. ಅತಿಶೀತಲ ಹನಿಗಳು ತಂತಿಗೆ ತಾಗಿ ಹಿಮವಾಗುತ್ತವೆ. ಭಾರ ಹೆಚ್ಚಿದಂತೆ ಕಂಪನದ ಸಂಖ್ಯೆ ಕುಗ್ಗುತ್ತದೆ. ಒಣ ಹಿಮದ ಹರಳುಗಳಾದರೋ ಬಹುಮಟ್ಟಿಗೆ ತಂತಿಗೆ ತಗುಲಿ ಸಿಡಿದುಹೋಗುವುದರಿಂದ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಮುಟ್ಟಿದರೆ ಕೆಡುವ ವಸ್ತುವನ್ನು ಅದರ ಆ ಕೇಡಿನಿಂದಲೇ ಅಳೆಯುವ ಈ ಯುಕ್ತಿಯನ್ನು ನಾವು ಮೆಚ್ಚದಿರಲಾರೆವು.

ಆದರೆ ತಂತಿ ಹೇಳುವುದು ಕಂಪನಸಂಖ್ಯೆಯನ್ನು ಮಾತ್ರ. ನೀರಿನ ಪ್ರಮಾಣವು ನಾವು ಅದರಿಂದ ಮಾಡುವ ಅನುಮಾನ. ಇತಿಹಾಸದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದೂ ಇಲ್ಲಿಯೇ. ಶಾಸನವನ್ನು ಓದುವಾಗ ಅಕ್ಷರವೆಷ್ಟು, ಓದುಗನ ಊಹೆಯೆಷ್ಟು ಎಂದು ಕೇಳುವಂತೆಯೇ ಇಲ್ಲಿಯೂ ಕೇಳಬೇಕಾಗುತ್ತದೆ.

ಪ್ರಮಾಣದ ಸೂಕ್ಷ್ಮತೆಯನ್ನು ಒಂದು ಲೆಕ್ಕದಿಂದ ತೋರಿಸಬಹುದು. ತಂತಿಯು ೯೦ ಮಿಲಿಮೀಟರ್ ಉದ್ದ, ೦.೬ ಮಿಲಿಮೀಟರ್ ದಪ್ಪವಿದೆಯೆಂದೂ, ಬೆಲೂನು ಸೆಕೆಂಡಿಗೆ ೫ ಮೀಟರ್ ಏರುವುದೆಂದೂ, ಮೋಡದ ಒಂದು ಘನಮೀಟರಿನಲ್ಲಿ ೦.೨ ಗ್ರಾಂ ನೀರಿದೆಯೆಂದೂ ಇಟ್ಟುಕೊಳ್ಳೋಣ. ಒಂದು ನಿಮಿಷದಲ್ಲಿ, ಅಂದರೆ ೩೦೦ ಮೀಟರ್ ಏರುವಷ್ಟರಲ್ಲಿ, ಎದುರಾದ ಹನಿಗಳೆಲ್ಲ ಅಂಟಿದರೂ ಸೇರುವ ಹಿಮ ಸುಮಾರು ೩ ಮಿಲಿಗ್ರಾಂ ಮಾತ್ರ. ವಾಸ್ತವದಲ್ಲಿ ಎಲ್ಲವೂ ಅಂಟುವುದಿಲ್ಲ. ಬಹು ಸಣ್ಣ ಹನಿಗಳು ಗಾಳಿಯ ಹರಿವಿನೊಡನೆ ತಂತಿಯನ್ನು ಬಳಸಿ ಹೋಗಿಬಿಡುತ್ತವೆ. ಯಾವ ಗಾತ್ರದ ಹನಿಗಳಲ್ಲಿ ಎಷ್ಟು ಪಾಲು ತಾಗುವುದೆಂಬ ಗಣಿತವನ್ನು ಲ್ಯಾಂಗ್‌ಮ್ಯೂರ್ ಮತ್ತು ಬ್ಲಾಜೆಟ್ ೧೯೪೬ರಲ್ಲಿಯೇ ಕೊಟ್ಟಿದ್ದಾರೆ. ಆದರೆ ಅದನ್ನು ಬಳಸಲು ಹನಿಯ ಗಾತ್ರ ತಿಳಿದಿರಬೇಕು, ತಂತಿಗೆ ಅದು ತಿಳಿಯದು. ಇನ್ನೊಂದು ತೊಡಕು: ಹೆಪ್ಪುಗಟ್ಟುವಾಗ ನೀರು ಶಾಖವನ್ನು ಹೊರಬಿಡುತ್ತದೆ. ನೀರು ಹೆಚ್ಚಾಗಿದ್ದು ಉಷ್ಣತೆ ಸೊನ್ನೆಗೆ ಸಮೀಪವಾಗಿದ್ದರೆ ಈ ಶಾಖದಿಂದ ಒಂದು ಭಾಗ ಹೆಪ್ಪುಗಟ್ಟದೆ ಜಾರಿಹೋಗಿ ಉಪಕರಣವು ಇದ್ದುದಕ್ಕಿಂತ ಕಡಿಮೆ ಹೇಳುತ್ತದೆ. ಅಪಾಯ ಹೆಚ್ಚಿರುವಾಗಲೇ ಸಾಕ್ಷಿಯು ತಡವರಿಸುವುದು ಅನುಕೂಲದ ಸಂಗತಿಯಲ್ಲ.

ಆದುದರಿಂದ ಪರೀಕ್ಷೆ ಅವಶ್ಯಕ. ಪ್ರಯೋಗಶಾಲೆಯಲ್ಲಿ, ತಿಳಿದಷ್ಟು ನೀರನ್ನು ಸಿಂಪಡಿಸುವ ಶೀತಲ ವಾಯುಸುರಂಗದಲ್ಲಿ ತಂತಿಯನ್ನಿಟ್ಟು ನೋಡಬಹುದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ೧೯೪೪ರಿಂದ ಇರುವ ಪ್ರಸಿದ್ಧ ಹಿಮಸುರಂಗದ ಗಾಳಿಯು ವಿಮಾನದ ವೇಗಕ್ಕೆ ತಕ್ಕುದು. ಬೆಲೂನಿನ ವೇಗ ಅದಕ್ಕಿಂತ ತೀರ ಕಡಿಮೆ. ನಿಧಾನವಾದ ಗಾಳಿಯಲ್ಲಿ ಹನಿಗಳು ತಮ್ಮ ಭಾರದಿಂದಲೇ ಕೆಳಗಿಳಿಯತೊಡಗುವುದರಿಂದ ಎಲ್ಲೆಡೆಯೂ ಸಮನಾದ ಕೃತಕ ಮೋಡವನ್ನು ಹರಿಸುವುದು ಸುಲಭವಲ್ಲ.

ಎರಡನೆಯ ಮಾರ್ಗ ಬೇರೊಂದು ಸಾಕ್ಷಿಯೊಡನೆ ಹೋಲಿಸುವುದು. ನೆಲದ ಮೇಲಿನ ಮೈಕ್ರೋವೇವ್ ರೇಡಿಯೋಮಾಪಕವು ತಲೆಯ ಮೇಲಿರುವ ದ್ರವಜಲದ ಒಟ್ಟು ಮೊತ್ತವನ್ನು ತಿಳಿಸುತ್ತದೆ, ಅದರ ಎತ್ತರವನ್ನು ಚೆನ್ನಾಗಿ ತಿಳಿಸಲಾರದು. ತಂತಿಯು ಎತ್ತರವನ್ನು ತಿಳಿಸುತ್ತದೆ. ಅದರ ಅಂಕಿಗಳನ್ನು ಕೂಡಿದರೆ ಮೊತ್ತವೂ ದೊರೆಯುತ್ತದೆ. ಎರಡೂ ಹೊಂದಿದರೆ ನಂಬಿಕೆ ಹೆಚ್ಚುತ್ತದೆ. ಹೊಂದದಿದ್ದರೆ ತಪ್ಪು ಯಾರದೆಂದು ತೀರ್ಮಾನಿಸುವಾಗ ಅವಸರ ಸಲ್ಲದು. ೩ ಕಿಲೋಮೀಟರ್ ಏರಲು ಬೆಲೂನಿಗೆ ೧೦ ನಿಮಿಷ ಬೇಕು; ಸೆಕೆಂಡಿಗೆ ೧೫ ಮೀಟರ್ ಗಾಳಿಯಿದ್ದರೆ ಅಷ್ಟರಲ್ಲಿ ಅದು ೯ ಕಿಲೋಮೀಟರ್ ಆಚೆಗೆ ಸರಿದಿರುತ್ತದೆ. ಇಬ್ಬರು ಸಾಕ್ಷಿಗಳೂ ನಿಜ ಹೇಳಿಯೂ ಬೇರೆ ಬೇರೆ ಮೋಡಗಳ ಮಾತನ್ನು ಹೇಳುತ್ತಿರಬಹುದು.

ಈ ತೊಡಕನ್ನು ತಪ್ಪಿಸಲು ಅಲಾಸ್ಕದ ಉತ್ತರ ಕರಾವಳಿಯ ಒಲಿಕ್ಟಾಕ್ ಎಂಬಲ್ಲಿ ಹಗ್ಗದಿಂದ ಕಟ್ಟಿದ ಬೆಲೂನುಗಳಿಗೆ ಕಂಪಿಸುವ ತಂತಿಗಳನ್ನು ತೂಗಿ, ರೇಡಿಯೋಮಾಪಕದೊಡನೆ ಹೋಲಿಸಿ ನೋಡಲಾಯಿತು; ಅದರ ವರದಿ ೨೦೧೯ರಲ್ಲಿ ಪ್ರಕಟವಾಗಿದೆ. ಕಟ್ಟಿದ ಬೆಲೂನು ದೂರ ಸರಿಯದು. ಕೆಳಗಿಳಿಸಿದ ಮೇಲೆ ತಂತಿಯನ್ನು ಕೈಯಲ್ಲಿ ಹಿಡಿದು ಪರಿಶೀಲಿಸಲೂಬಹುದು. ಆದರೆ ಅಲ್ಲಿ ಏರುವ ವೇಗದ ಸ್ಥಾನವನ್ನು ಬೀಸುವ ಗಾಳಿಯ ವೇಗವು ವಹಿಸುವುದರಿಂದ, ಆ ವೇಗವನ್ನು ಎಷ್ಟು ಸರಿಯಾಗಿ ಅಳೆಯುತ್ತೇವೆಯೋ ನೀರಿನ ಅಳತೆಯೂ ಅಷ್ಟೇ ಸರಿಯಾದೀತು.