ಬಿಚ್ಚಿದ ಬಂಡಿಯ ಮರುಜೋಡಣೆ

ಹಳೆಯ ಮೋಟಾರುಬಂಡಿಯನ್ನು ಬಿಚ್ಚುವುದು ಯಾರಿಂದಲಾದರೂ ಆದೀತು, ಅದನ್ನು ಮತ್ತೆ ಕೂಡಿಸುವುದು ಮಾತ್ರ ಎಲ್ಲರಿಂದಲೂ ಆಗದು, ಎಂದು ಅನುಭವಸ್ಥರು ಹೇಳುವುದುಂಟು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ, ಕಡೆಯ ಜೋಡಣೆಯಲ್ಲಿ ಅಂತಹ ಕಷ್ಟವಾದರೂ ಏನಿದೆ, ಎಂಬುದನ್ನು ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇವೆ. ನಾವು ವೃತ್ತಿಯಿಂದ ಯಂತ್ರಶಿಲ್ಪಿಗಳಲ್ಲ. ಕಾಲೇಜಿನಲ್ಲಿ ಪಾಠ ಹೇಳುವವರು. ಆದರೂ ಶ್ರೀರಂಗಪಟ್ಟಣದ ಸಮೀಪದ ಬಾಬುರಾಯನಕೊಪ್ಪಲಿನಲ್ಲಿ, ಮಿತ್ರರೊಬ್ಬರ ಮನೆಯ ಹಿಂದಣ ಕೊಟ್ಟಿಗೆಯಲ್ಲಿ, 1966ರ ಫಿಯಟ್ ಡಿಲೈಟ್ ಬಂಡಿಯೊಂದನ್ನು ಮೂರು ವರ್ಷಗಳ ಬಿಡುವಿನ ದಿನಗಳಲ್ಲಿ ದುರಸ್ತಿಮಾಡಿದ ಗುಂಪಿನಲ್ಲಿ ನಾವೂ ಒಬ್ಬರು. ಬಂಡಿಯನ್ನು ಹೊಸದಾಗಿ ಕೊಂಡವರು ಮಿತ್ರರ ತಂದೆಯವರು. ಅವರಿಗೀಗ ತೊಂಬತ್ತು ತುಂಬಿದೆ. ಅದೇ ಬಂಡಿಯಲ್ಲಿ ಇನ್ನೊಮ್ಮೆ ಗಂಜಾಮಿನ ನಿಮಿಷಾಂಬಾ ದೇವಾಲಯಕ್ಕೆ ಹೋಗಿಬರಬೇಕೆಂಬುದು ಅವರ ಆಸೆ. ಆದಕಾರಣ ಕಡೆಯ ತಿಂಗಳಲ್ಲಿ ನಮಗೆ ಸ್ವಲ್ಪ ಅವಸರವಿದ್ದಿತು. ಆ ಅವಸರವೇ ನಮಗೊಂದು ಪಾಠವನ್ನೂ ಕಲಿಸಿತು.

ಮೊದಲು ಬಂಡಿಯ ಕುಲವನ್ನು ಎರಡು ಮಾತಿನಲ್ಲಿ ಹೇಳಬಹುದು. ದೇಶದಲ್ಲಿಯೇ ಮೋಟಾರು ಕಾರ್ಖಾನೆಯಾಗಬೇಕೆಂದು ನಮ್ಮ ಸಂಸ್ಥಾನದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿ ಬಹಳ ಶ್ರಮಿಸಿದರು. ಆ ಹಂಬಲಕ್ಕೆ ಜೊತೆಯಾಗಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ಇಟಲಿಯ ಫಿಯಟ್ ಸಂಸ್ಥೆ 1953ರಲ್ಲಿ ಹೊರತಂದ 1100 ಮಾದರಿಯ ಬಂಡಿಗಳು ಅಲ್ಲಿ ತಯಾರಾದುವು. 1964ರಿಂದ ಬಂದ ಡಿಲೈಟ್, ಆಮೇಲಿನ ಪದ್ಮಿನಿ, ಎರಡೂ ಈ ಸಂತತಿಯವೇ. ಇದರ ಎಂಜಿನ್ನಿಗೆ ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರು. ಒಡಲೂ ಚಾಸಿಯೂ ಬೇರೆಬೇರೆಯಲ್ಲ. ಒಂದೇ ಉಕ್ಕಿನ ಗೂಡು.

ಈ ಕಡೆಯ ಸಂಗತಿಯಿಂದಲೇ ಜೋಡಣೆಯ ಕ್ರಮ ಹುಟ್ಟುತ್ತದೆ. ಗೂಡಿನ ತುಕ್ಕು ತೆಗೆದು, ಬೆಸುಗೆ ಹಾಕಿ, ಬಣ್ಣ ಬಳಿದ ಮೇಲೆಯೇ ಮಿಕ್ಕೆಲ್ಲ ಕೆಲಸ. ಮೊದಲು ವಿದ್ಯುತ್ತಿನ ತಂತಿಗಳ ಕಟ್ಟು ಒಳಗೆ ಹೋಗಬೇಕು. ಆಮೇಲೆ ಮಾಡಿನ ಒಳಬಟ್ಟೆ. ಅದರ ಅಂಚುಗಳನ್ನು ಅಂಟಿಸಿದ ಬಳಿಕವೇ ಮುಂದಿನ ಗಾಜು. ಗಾಜನ್ನು ಕೂರಿಸುವ ಬಗೆ ಸೊಗಸಾಗಿದೆ. ಗಾಜಿನ ಸುತ್ತ ರಬ್ಬರನ್ನು ತೊಡಿಸಿ, ರಬ್ಬರಿನ ಹೊರಸೀಳಿನಲ್ಲಿ ಹುರಿಯೊಂದನ್ನು ಸುತ್ತಿಸಿ, ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತುತ್ತಿರುವಾಗ ಒಳಗಿನವರು ಹುರಿಯನ್ನು ಮೆಲ್ಲನೆ ಎಳೆಯಬೇಕು. ಹುರಿ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಈ ಕ್ರಮದಲ್ಲಿ ಒಂದನ್ನು ತಪ್ಪಿದರೂ ಮಾಡಿದ್ದನ್ನೆಲ್ಲ ಮತ್ತೆ ಕೀಳಬೇಕಾಗುತ್ತದೆ.

ಹಾಗಾದರೆ ಜೋಡಣೆಯೆಂದರೆ ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡುವುದಷ್ಟೇ ಅಲ್ಲವೆ, ಎಂದು ಕೇಳಬಹುದು. ಅಲ್ಲ. ಬಿಚ್ಚಿದ ವಸ್ತುವೇ ಬೇರೆ, ಕೂಡಿಸುವ ವಸ್ತುವೇ ಬೇರೆ. ನಡುವೆ ಬಣ್ಣ ಬಂದಿದೆ, ಹೊಸ ರಬ್ಬರು ಬಂದಿದೆ. ಬಿಚ್ಚಿದವರ ನೆನಪು ಮಾಸಿದೆ. ನಾವು ತಿರುಪುಮೊಳೆಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಹೆಸರು ಬರೆದಿಟ್ಟಿದ್ದೆವು. ಒಂದು ಡಬ್ಬಿಯ ಮೇಲೆ ಮಾತ್ರ ‘ಇತರೆ’ ಎಂದಿತ್ತು. ಆ ‘ಇತರೆ’ಯೇ ನಮಗೆ ಕಂಟಕವಾಯಿತು.

ಎಂಜಿನ್ನನ್ನು ಸರಪಣಿಯಿಂದ ಇಳಿಸಿ ಕೂರಿಸಿದೆವು. ತಲೆಯ ಮೊಳೆಗಳನ್ನು ನಡುವಿನಿಂದ ಹೊರಕ್ಕೆ, ಅಳತೆಯ ಬಿಗಿಯಲ್ಲಿ, ಸುತ್ತು ಸುತ್ತಾಗಿ ತಿರುಗಿಸಿದ್ದೆವು. ಒಂದೇ ಕಡೆ ಬಿಗಿದರೆ ಅಲ್ಯೂಮಿನಿಯಮ್ಮಿನ ತಲೆ ಸೊಟ್ಟಗಾದೀತು. ಕಿಡಿಯ ತಂತಿಗಳನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಸೇರಿಸಿದೆವು. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಒಮ್ಮೆಗೇ ಹೊತ್ತಿಸಬಾರದು. ಕಿಡಿಯ ಪ್ಲಗ್ಗುಗಳನ್ನು ತೆಗೆದು, ಎಣ್ಣೆಯ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ಬರಿದೆ ತಿರುಗಿಸಿ, ಬೇರಿಂಗುಗಳಿಗೆ ಎಣ್ಣೆ ತಲಪಿಸತಕ್ಕದ್ದು. ನಾವೂ ಕೀಲಿ ತಿರುಗಿಸಿದೆವು. ಸ್ಟಾರ್ಟರು ನರಳಿತು, ಎಂಜಿನ್ನು ಕದಲಲೊಲ್ಲದು. ಅಷ್ಟರಲ್ಲಿ ಚೋಕಿನ ತಂತಿಯ ಕೊಳವೆಯಿಂದ ಹೊಗೆಯೆದ್ದಿತು. ಪೆಟ್ರೋಲನ್ನು ಇನ್ನೂ ತುಂಬಿರಲಿಲ್ಲವೆಂಬುದೊಂದೇ ಪುಣ್ಯ.

ಕಾರಣ ಸರಳವಾದುದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸ್ಟಾರ್ಟರನ್ನು ತಿರುಗಿಸಿ ಎಂಜಿನ್ನಿನಿಂದ ಒಡಲಿಗೆ, ಒಡಲಿನಿಂದ ಬ್ಯಾಟರಿಗೆ ಮರಳಬೇಕು. ಆದರೆ ಎಂಜಿನ್ನು ಕುಳಿತಿರುವುದು ರಬ್ಬರಿನ ಮೆತ್ತೆಗಳ ಮೇಲೆ. ರಬ್ಬರು ವಿದ್ಯುತ್ತನ್ನು ಬಿಡದು. ಅದಕ್ಕೆಂದೇ ಎಂಜಿನ್ನಿಗೂ ಒಡಲಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ನಮ್ಮದು ‘ಇತರೆ’ ಡಬ್ಬಿಯಲ್ಲಿ ಉಳಿದಿದ್ದಿತು. ಮಾರ್ಗ ಕಾಣದ ಪ್ರವಾಹ ಎಂಜಿನ್ನಿಗೂ ಒಡಲಿಗೂ ತಾಗಿದ್ದ ಚೋಕಿನ ಸಣ್ಣ ತಂತಿಯನ್ನು ಹಿಡಿದು ಹರಿಯಿತು. ಅಷ್ಟು ಭಾರವನ್ನು ತಾಳಲಾರದೆ ಅದು ಕಾದು ಸುಟ್ಟಿತು. ಪಟ್ಟಿಯನ್ನು ಹಾಕಿದ ಮೇಲೂ ದೀಪಗಳು ಮಂಕಾಗಿಯೇ ಉರಿದುವು. ಇದಕ್ಕೆ ಕಾರಣ, ನಾವು ಹೆಮ್ಮೆಪಟ್ಟಿದ್ದ ಬಣ್ಣ! ದೀಪಗಳು ಒಡಲನ್ನು ಮುಟ್ಟುವ ಕಡೆಗಳಲ್ಲಿಯೂ ದಟ್ಟವಾಗಿ ಬಣ್ಣ ಬಳಿದಿದ್ದೆವು. ಅಲ್ಲೆಲ್ಲ ಕಾಸಿನಗಲ ಕೆರೆದು ಹೊಳೆಯುವ ಉಕ್ಕನ್ನು ತೋರಿಸಿದ ಮೇಲೆ ಬೆಳಕು ನೆಟ್ಟಗಾಯಿತು.

ಇನ್ನುಳಿದುದು ಬ್ರೇಕು. ಕೊಳವೆಗಳಲ್ಲಿ ಗಾಳಿಯಿದ್ದರೆ ಕಾಲೊತ್ತು ದ್ರವಕ್ಕೆ ತಲಪದೆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ಕಳೆದುಹೋಗುತ್ತದೆ. ಆದುದರಿಂದ ಮೂಲ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಮೊದಲುಮಾಡಿ ಗಾಳಿಯನ್ನು ಹೊರಗೆಡಹಬೇಕು. ನಮ್ಮ ದೇಶದ ಬಂಡಿಗಳಲ್ಲಿ ಅದು ಹಿಂದಿನ ಎಡಗಾಲಿ. ಆ ದ್ರವ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿನ್ನುವುದು; ಪಕ್ಕದಲ್ಲಿ ನೀರೂ ಅರಿವೆಯೂ ಇರಲಿ.

ಕೂಡಿಸಿದ ಬಂಡಿಗೆ ಕಾನೂನಿನ ಪ್ರಶ್ನೆಯೂ ಉಂಟು. 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಾಗದ ಖಾಸಗಿ ವಾಹನವನ್ನು ವಿಂಟೇಜ್ ಎಂದು 20,000 ರೂಪಾಯಿ ಶುಲ್ಕದಲ್ಲಿ 10 ವರ್ಷಗಳಿಗೆ ನೋಂದಾಯಿಸಬಹುದು. ಆದರೆ ಅದನ್ನು ಪ್ರದರ್ಶನ, ಸಂಶೋಧನೆ, ವಿಂಟೇಜ್ ರ‍್ಯಾಲಿ ಮೊದಲಾದುವಕ್ಕಲ್ಲದೆ ದಿನಬಳಕೆಗೆ ಓಡಿಸಕೂಡದು. ದೇವಾಲಯಕ್ಕೆ ಹೋಗಬೇಕೆಂಬವರಿಗೆ ಇದು ಸಾಲದು. ಆದಕಾರಣ ಮಿತ್ರರು ತಪಾಸಣೆಗೆ ಒಪ್ಪಿಸಿ ಸಾಧಾರಣ ನೋಂದಣಿಯನ್ನೇ ನವೀಕರಿಸಿಕೊಂಡರು.

ಹಳೆಯ ಬಂಡಿಗಳನ್ನು ನೋಡಬಯಸುವವರು ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ 2023ರಲ್ಲಿ ಶ್ರೀರಂಗಪಟ್ಟಣದ ಸಮೀಪ ತೆರೆದ ‘ಪಯಣ’ ಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ಹೊಳಪನ್ನು ಮೆಚ್ಚುವಾಗ, ಹೊಳಪಿನ ಹಿಂದೆ ಯಾರೂ ಕಾಣದ ಎಷ್ಟೋ ಪಟ್ಟಿಗಳೂ ಮೊಳೆಗಳೂ ತಮ್ಮ ತಮ್ಮ ಎಡೆಯಲ್ಲಿ ಇವೆಯೆಂಬುದನ್ನು ನೆನೆಯಬೇಕು.

ನಮ್ಮ ಬಂಡಿ ಒಂದು ಭಾನುವಾರ ಬೆಳಗ್ಗೆ ಗಂಜಾಮಿಗೆ ಹೋಗಿಬಂದಿತು. ಹಿರಿಯರು ಮುಂದಿನ ಆಸನದಲ್ಲಿ ಕುಳಿತು ಬಣ್ಣವನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದು, ಸೇತುವೆಯ ಬಳಿ, “ಎರಡನೆಯ ಗೇರಿಗೆ ಹಾಕಪ್ಪ” ಎಂದರು. ಮನೆಯಲ್ಲಿ ಇಂತಹ ಕೆಲಸಕ್ಕೆ ಕೈಹಾಕುವ ಕೇಳುಗರಿಗೆ ನಮ್ಮ ಬಿನ್ನಹ ಇಷ್ಟೆ: ಯಾವ ಡಬ್ಬಿಯ ಮೇಲೂ ‘ಇತರೆ’ ಎಂದು ಬರೆಯಬೇಡಿ.