ಹರಾಜಿನ ಲೆಕ್ಕ, ಅಂಗಣದ ಲೆಕ್ಕ

ವೃತ್ತಿಪರ ಕಬಡ್ಡಿ ತಂಡವೊಂದು ಸೋತಾಗ ಬೈಗುಳ ಬೀಳುವುದು ಸಾಮಾನ್ಯವಾಗಿ ಅಂಗಣದಲ್ಲಿದ್ದ ಏಳು ಮಂದಿಗೆ. ಆದರೆ ಆ ಏಳು ಮಂದಿ ಯಾರಾಗಬೇಕು ಎಂಬುದು ಪಂದ್ಯಕ್ಕೆ ಎಷ್ಟೋ ತಿಂಗಳ ಮೊದಲೇ, ಹರಾಜಿನ ಮೇಜಿನ ಮುಂದೆ ತೀರ್ಮಾನವಾಗಿರುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಇನ್ನೂ ಹೆಸರು ಮಾಡದ ಯಾವ ಹುಡುಗನನ್ನು ನಂಬಬೇಕು ಎಂಬ ಮೂರು ಪ್ರಶ್ನೆಗಳ ಮೇಲೆ ತಂಡದ ಭವಿಷ್ಯ ನಿಂತಿದೆ. ವಿದೇಶದ ಐಸ್ ಹಾಕಿ ತಂಡಗಳಲ್ಲಿ ಈ ಕೆಲಸಕ್ಕೆ ಜನರಲ್ ಮ್ಯಾನೇಜರ್ ಎಂಬ ಪ್ರತ್ಯೇಕ ಹುದ್ದೆಯೇ ಇದೆ. ಪ್ರೊ ಕಬಡ್ಡಿಯಲ್ಲಿ ಇದು ಬಹುತೇಕ ಮುಖ್ಯ ಕೋಚ್ ಮತ್ತು ಮಾಲೀಕರ ಪಾಲಿನ ಹೊಣೆ.

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ತಂಡಗಳು ಮನಸ್ಸಿಗೆ ಬಂದಷ್ಟು ಖರ್ಚು ಮಾಡುವಂತಿಲ್ಲ. 2024ರ ಹರಾಜಿನಲ್ಲಿ ಪ್ರತಿ ತಂಡಕ್ಕಿದ್ದ ಮಿತಿ 5 ಕೋಟಿ ರೂಪಾಯಿ. ಅದರಲ್ಲೇ ಕನಿಷ್ಠ 18 ಆಟಗಾರರನ್ನು ಹೊಂದಿಸಬೇಕು. ಒಬ್ಬನಿಗೆ 2 ಕೋಟಿ ಸುರಿದರೆ ಉಳಿದವರಿಗೆ ಚಿಲ್ಲರೆಯೇ ಗತಿ. ಇಲ್ಲಿ ತಂಡಗಳ ಕೈ ಹಿಡಿಯುವುದು ಹೊಸ ಯುವ ಆಟಗಾರರ ಯೋಜನೆ. ಹರಾಜಿಗೆ ಬಾರದ ಹುಡುಗರನ್ನು ನಿಗದಿತ, ಕಡಿಮೆ ಸಂಭಾವನೆಗೆ ತಂಡಗಳು ನೇರವಾಗಿ ಸೇರಿಸಿಕೊಳ್ಳಬಹುದು. ಹುಡುಗ ಬೆಳೆದರೆ ಕೋಟಿ ಬೆಲೆಯ ಆಟ ಲಕ್ಷಗಳಲ್ಲಿ ಸಿಕ್ಕಿದಂತೆ.

ಹಾಗಾದರೆ ಹುಡುಗನನ್ನು ಅಳೆಯುವುದು ಹೇಗೆ? ಉಡುಪಿ, ಕಾಪು, ಕಾರ್ಕಳದ ಕಡೆ ಮಳೆ ನಿಂತ ಮೇಲೆ ಶಾಲಾ ಮೈದಾನಗಳಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು ಶುರುವಾಗುತ್ತವೆ. ಅಲ್ಲಿ ಚಪ್ಪಾಳೆ ಬೀಳುವುದು ಮೂವರನ್ನು ಎಳೆದುಕೊಂಡು ಗೆರೆ ಮುಟ್ಟಿದ ರೈಡರ್‌ಗೆ. ಪಳಗಿದ ಆಯ್ಕೆಗಾರನ ಕಣ್ಣು ಮಾತ್ರ ಅವನ ಕಾಲಿನ ಮೇಲಿರುತ್ತದೆ. ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ನಿಜವಾಗಿ ನೆಲ ಬಿಟ್ಟಿತೇ, ಕಾರ್ನರ್‌ನಲ್ಲಿರುವವನು ಕಣಕಾಲಿಗೆ ಕೈ ಹಾಕುವ ಮೊದಲೇ ದೇಹ ತಿರುಗಿತೇ, ಬಲಕ್ಕಷ್ಟೇ ಓಡುತ್ತಾನೋ ಎರಡೂ ಕಡೆ ನುಗ್ಗುತ್ತಾನೋ ಎಂದು ಅವನು ನೋಡುತ್ತಾನೆ. ಮಣ್ಣಿನಲ್ಲಿ ಜಾರಿ ತಪ್ಪಿಸಿಕೊಂಡವನಿಗೆ ಮ್ಯಾಟ್ ಮೇಲೆ ಆ ಜಾರು ಸಿಗುವುದಿಲ್ಲ. ಶೂ ತಟ್ಟನೆ ಹಿಡಿದು ನಿಲ್ಲಿಸುತ್ತದೆ.

ಅಂಕಪಟ್ಟಿಯೂ ಕಣ್ಣು ಕಟ್ಟಬಹುದು. ಪಂದ್ಯಕ್ಕೆ 20 ದಾಳಿ ಮಾಡಿ 8 ಅಂಕ ತಂದವನಿಗಿಂತ 9 ದಾಳಿಯಲ್ಲಿ 6 ಅಂಕ ತಂದವನು ತಂಡಕ್ಕೆ ಹೆಚ್ಚು ಉಪಯೋಗಿ. ಎರಡು ದಾಳಿ ಖಾಲಿ ಹೋದ ಮೇಲೆ ಬರುವ ‘ಮಾಡು ಇಲ್ಲವೇ ಮಡಿ’ ದಾಳಿಯಲ್ಲಿ ಅಂಕ ತರದಿದ್ದರೆ ರೈಡರ್ ಹೊರಗೆ ಹೋಗಬೇಕು. ಹುಡುಗನ ಎದೆಗಾರಿಕೆ ತಿಳಿಯುವುದು ಅಲ್ಲಿಯೇ. ರಕ್ಷಣೆಯಲ್ಲಿ ಆಡುವವರನ್ನು ಅಳೆಯುವುದು ಇನ್ನೂ ಕಷ್ಟ. ಕವರ್ ಸ್ಥಾನದವನು ದಾರಿ ಮುಚ್ಚಿದ್ದರಿಂದಲೇ ಕಾರ್ನರ್ ಆಟಗಾರನಿಗೆ ಹಿಡಿತ ಸಿಕ್ಕಿದ್ದರೂ ಅಂಕ ಬರೆಯುವುದು ಹಿಡಿದವನ ಹೆಸರಿನಲ್ಲಿ.

ಕಾರ್ಕಳದ ಸುಕೇಶ್ ಹೆಗ್ಡೆ 2017ರ 5ನೇ ಆವೃತ್ತಿಯಲ್ಲಿ ಹೊಸದಾಗಿ ಬಂದ ಗುಜರಾತ್ ತಂಡದ ನಾಯಕರಾಗಿದ್ದರು. ಕೋಚ್ ಮನ್‌ಪ್ರೀತ್ ಸಿಂಗ್, ಸಚಿನ್ ತನ್ವರ್‌ ಅವರಂಥ ಹೊಸಬರನ್ನು ನಂಬಿ ಕಟ್ಟಿದ ಆ ತಂಡ ಮೊದಲ ವರ್ಷವೇ ಫೈನಲ್ ತಲುಪಿ, ಪಟ್ನಾ ಪೈರೇಟ್ಸ್‌ಗೆ 38–55ರಿಂದ ಸೋತಿತು. ಅದೇ ತಂಡದ ಬೆಂಚಿನಲ್ಲಿ ಹೆಚ್ಚು ಅವಕಾಶ ಸಿಗದೆ ಕುಳಿತಿದ್ದ ರೈಡರ್ ಪವನ್ ಸೆಹ್ರಾವತ್. ಹುಡುಗರನ್ನು ಗುರುತಿಸುವುದರಲ್ಲಿ ಗಟ್ಟಿಯಾಗಿದ್ದ ತಂಡಕ್ಕೂ ಒಬ್ಬ ಕೈತಪ್ಪಿದ.

ಮರುವರ್ಷ ಬೆಂಗಳೂರು ಬುಲ್ಸ್ ಪವನ್ ಅವರನ್ನು ಸುಮಾರು 53 ಲಕ್ಷಕ್ಕೆ ಕೊಂಡಿತು. ಆ ಹರಾಜಿನಲ್ಲಿ ಆರು ಮಂದಿ ಕೋಟಿ ಮುಟ್ಟಿದ್ದರು; ಪವನ್ ಆ ಸಾಲಿನಲ್ಲಿರಲಿಲ್ಲ. ಬುಲ್ಸ್ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್‌ಗೆ ಪವನ್ ಹೊಸಬರೂ ಆಗಿರಲಿಲ್ಲ. 2016ರಲ್ಲಿ ಅವರು ಲೀಗ್‌ಗೆ ಕಾಲಿಟ್ಟದ್ದೇ ಬುಲ್ಸ್ ಅಂಗಿಯಲ್ಲಿ. ಪವನ್ 2018ರ ಆವೃತ್ತಿಯಲ್ಲಿ 271 ದಾಳಿ ಅಂಕ ಗಳಿಸಿದರು. 2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತ್ ವಿರುದ್ಧವೇ 22 ಅಂಕ ತಂದು, 38–33ರಿಂದ ಬುಲ್ಸ್‌ಗೆ ಮೊದಲ ಪ್ರಶಸ್ತಿ ಕೊಡಿಸಿದರು.

2022ರಲ್ಲಿ ಪವನ್ ಮತ್ತೆ ಹರಾಜಿಗೆ ಬಂದರು. ತಂಡವೊಂದರ ಮಿತಿ 4.4 ಕೋಟಿ ಇದ್ದ ಆ ವರ್ಷ ತಮಿಳ್ ತಲೈವಾಸ್ ಅವರಿಗಾಗಿ 2.26 ಕೋಟಿ ಕೊಟ್ಟಿತು. ಬುಲ್ಸ್ 1.70 ಕೋಟಿಗೆ ವಿಕಾಸ್ ಖಂಡೋಲಾ ಅವರನ್ನು ತಂದಿತು. ಅಭಿಮಾನಿಗಳು ಮುನಿದರು. ಆದರೆ ಆ ವರ್ಷದ ಕಥೆ ಬರೆದದ್ದು ಇಬ್ಬರೂ ಅಲ್ಲ. ಪವನ್ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಬಿದ್ದರು. ಬುಲ್ಸ್‌ಗೆ ಯುವ ಆಟಗಾರರ ಯೋಜನೆಯಲ್ಲಿ ಬಂದಿದ್ದ ಭರತ್ 279 ದಾಳಿ ಅಂಕ ತಂದು ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ತಲೈವಾಸ್ ಪಾಳೆಯದಲ್ಲೂ ಪವನ್ ಜಾಗ ತುಂಬಿದ್ದು ಹೊಸ ಹುಡುಗ ನರೇಂದರ್. ಆ ತಂಡವೂ ಸೆಮಿಫೈನಲ್ ಕಂಡಿತು.

ಮುಂದಿನ ಆವೃತ್ತಿಯಲ್ಲಿ ಭರತ್ ಆಟ ಆ ಮಟ್ಟ ಮುಟ್ಟಲಿಲ್ಲ, ಬುಲ್ಸ್ ಪ್ಲೇ ಆಫ್‌ಗೂ ಹೋಗಲಿಲ್ಲ. 2024ರಲ್ಲಿ ಭರತ್ 1.30 ಕೋಟಿಗೆ ಯು.ಪಿ. ಯೋಧಾಸ್ ಸೇರಿದರು. ಬುಲ್ಸ್ 70 ಲಕ್ಷಕ್ಕೆ ಪರ್ದೀಪ್ ನರ್ವಾಲ್ ಅವರನ್ನು ತಂದಿತು. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ದಾಳಿ ಅಂಕಗಳ ಸರದಾರ ಅವರು, ಆದರೆ ಆಟದ ಉತ್ತುಂಗ ದಾಟಿಯಾಗಿತ್ತು. ತಂಡ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು. ಮೊದಲ ಆವೃತ್ತಿಯಿಂದ ಜೊತೆಗಿದ್ದ ರಣಧೀರ್ ಬದಲಿಗೆ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆದರು.

ರಮೇಶ್ ಅವರ ಹಿಂದಿನ ತಂಡ ಪುಣೇರಿ ಪಲ್ಟನ್ 10ನೇ ಆವೃತ್ತಿ ಗೆದ್ದದ್ದು ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್‌ ಅವರಂಥ ಹುಡುಗರನ್ನು ವರ್ಷಗಟ್ಟಲೆ ಜೊತೆಗಿಟ್ಟು ಬೆಳೆಸಿದ್ದರಿಂದ. 11ನೇ ಆವೃತ್ತಿ ಗೆದ್ದ ಹರಿಯಾಣ ಸ್ಟೀಲರ್ಸ್‌ನ ಕೋಚ್ ಅದೇ ಮನ್‌ಪ್ರೀತ್. ಅಲ್ಲೂ ಜೈದೀಪ್, ರಾಹುಲ್ ಒಟ್ಟಿಗೆ ಬಲಿತ ರಕ್ಷಣಾ ಜೋಡಿ. ಈ ಎರಡೂ ತಂಡಗಳು ಇರಾನಿನ ಮೊಹಮ್ಮದ್ರೇಜಾ ಶಾದ್ಲೂಯಿ ಅವರಿಗೆ 2 ಕೋಟಿಗೂ ಮೀರಿ ಸುರಿದವು ನಿಜ. ಆದರೆ ಹುಡುಗರ ಅಡಿಪಾಯ ಗಟ್ಟಿಯಾದ ಮೇಲೆ ದುಬಾರಿ ಆಟಗಾರನನ್ನು ಅದರ ಮೇಲೆ ಕೂರಿಸಿದವು.

ಹೀಗಾಗಿ ನಿರ್ಧಾರ ಮಾಡಿದವರನ್ನು ಅಳೆಯುವಾಗ ಫಲಿತಾಂಶವೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಪವನ್ ಮೊಣಕಾಲು ಯಾರ ಊಹೆಗೂ ಸಿಗುವಂಥದ್ದಾಗಿರಲಿಲ್ಲ. ಅದರಿಂದ ತಲೈವಾಸ್ ದಡ್ಡರೂ ಆಗಲಿಲ್ಲ, ಬುಲ್ಸ್ ಜಾಣರೂ ಆಗಲಿಲ್ಲ. ಪರ್ದೀಪ್ ವಿಷಯ ಬೇರೆ. 2021ರಲ್ಲಿ 1.65 ಕೋಟಿ ಬಾಳಿದ್ದ ಆಟಗಾರ ಮೂರು ವರ್ಷಗಳಲ್ಲಿ 70 ಲಕ್ಷಕ್ಕೆ ಇಳಿದದ್ದು ಎಲ್ಲರ ಕಣ್ಣೆದುರೇ ಇತ್ತು. ಆ ದಿನ ಗೊತ್ತಿದ್ದದ್ದೇನು, ಒಬ್ಬ ಬಿದ್ದರೆ ಎದ್ದು ನಿಲ್ಲಲು ಹುಡುಗನೊಬ್ಬ ಬೆಂಚಿನಲ್ಲಿದ್ದನೇ, ಅವನಿಗೆ ಎರಡು ಮೂರು ವರ್ಷ ಕೊಡುವ ತಾಳ್ಮೆ ಇತ್ತೇ ಎಂಬುದೇ ಅಳತೆಗೋಲು.

ಈ ಅಳತೆ ಪೂರ್ತಿ ತಲುಪದ ಜಾಗವೂ ಒಂದಿದೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ ಮೆರೆದು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ನಡೆದ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್‌ನಲ್ಲಿ ಅವರು ಫೈರ್ ಬರ್ಡ್ಸ್ ನಾಯಕಿ. ಫೈನಲ್‌ನಲ್ಲಿ ಆ ತಂಡ ಸೋತದ್ದು 23–24ರಿಂದ, ಒಂದೇ ಅಂಕಕ್ಕೆ. ಆ ಮೇಲೆ ಪ್ರೊ ಕಬಡ್ಡಿಯ ಜೊತೆ ಆ ಪಂದ್ಯಾವಳಿ ಮತ್ತೆ ನಡೆಯಲಿಲ್ಲ. ಹುಡುಗರನ್ನು ಹುಡುಕಲು ಹನ್ನೆರಡು ತಂಡಗಳಿರುವ ಲೀಗ್‌ನಲ್ಲಿ ಹುಡುಗಿಯರನ್ನು ಹುಡುಕಲು ಒಂದು ತಂಡವೂ ಉಳಿಯಲಿಲ್ಲ.