ನಮ್ಮ ಹುಡುಗನೇ ಕಾಡಿಸುವವನಾದರೆ?

ಬೇರೆಯವರ ಮಕ್ಕಳು ನಮ್ಮ ಮಗುವನ್ನು ಹೊಡೆದರೆ ಏನು ಮಾಡಬೇಕೆಂಬುದು ಎಲ್ಲ ತಾಯಿ-ತಂದೆಗಳಿಗೂ ಗೊತ್ತು. ಆದರೆ ನಮ್ಮ ಮಗುವೇ ಬೇರೆಯವರ ಮಕ್ಕಳನ್ನು ಕಾಡಿಸುತ್ತಿದ್ದರೆ? ಈ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಯ ಬಾಗಿಲಿಗೇ ಬಂದಿತು. ಹೇಳಿಕೊಳ್ಳಲು ನಾಚಿಕೆಯಾದರೂ ನಾಲ್ಕು ಜನರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಚಾಳಿಗೆ ವಿಜಾಪುರ ಕಡೆಯ ಕುಟುಂಬವೊಂದು ಹೊಸದಾಗಿ ಬಂದಿತ್ತು. ಅವರ ಮಗ ಎಂಟು ವರ್ಷದವನು. ಮರಾಠಿ ಇನ್ನೂ ಬಾರದು. ಒಂದು ಸಂಜೆ ನಾವು ಗಿರಣಿಯಿಂದ ಬಂದು ಕೈಕಾಲು ತೊಳೆಯುತ್ತಿರುವಾಗ ಆ ಹುಡುಗನ ತಂದೆ ಬಾಗಿಲಲ್ಲಿ ನಿಂತು, "ಸಿಟ್ಟಾಗಬ್ಯಾಡ್ರೀ. ನಿಮ್ಮ ಹುಡುಗ ದಿನಾ ನಮ್ಮ ಹುಡುಗನ ಡಬ್ಬಿ ಕಸಗೋತಾನಂತ, ಮಾತಾಡಿದರ ಅಣಕಸ್ತಾನಂತ. ನಮ್ಮವ ಸಾಲಿಗೇ ಹೋಗಾಕ ಒಲ್ಲ ಅಂತಾನ್ರೀ" ಎಂದರು. "ನಮ್ಮ ಹುಡುಗ ಅಂಥವನಲ್ಲರೀ, ಹುಡುಗರಂದಮ್ಯಾಲ ಚೇಷ್ಟೆ ಇದ್ದದ್ದೇ" ಎಂದು ಹೇಳಿ ಅವರನ್ನು ಕಳಿಸಿಬಿಟ್ಟೆವು. ಇದು ನಮ್ಮ ಮೊದಲನೆಯ ತಪ್ಪು.

ಮರುದಿನ ಮಾಸ್ತರರನ್ನು ಕೇಳಿದಾಗ ಮಾತು ನಿಜವೆಂದು ತಿಳಿಯಿತು. ಮನೆಗೆ ಬಂದವರೇ ಮಗನನ್ನು ಬೆಲ್ಟಿನಿಂದ ಹೊಡೆದೆವು. ಇದು ಎರಡನೆಯ ತಪ್ಪು. ಅವನು ಮರುದಿನವೇ ಆ ಚಿಕ್ಕವನನ್ನು ನೀರಿನ ಟಾಕಿಯ ಹಿಂದೆ ಎಳೆದೊಯ್ದು, ಚಾಡಿ ಹೇಳಿದೆಯೆಂದು ಥಳಿಸಿದನು. ನಾವು ಕೊಟ್ಟ ಏಟು ಆ ಕೂಸಿಗೆ ಹೋಗಿ ಮುಟ್ಟಿತು.

ಚೇಷ್ಟೆಗೂ ಕಾಡಿಸುವದಕ್ಕೂ ವ್ಯತ್ಯಾಸವಿದೆ. ನಾರ್ವೆ ದೇಶದಲ್ಲಿ ಈ ವಿಷಯವನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಮೂರು ಗುರುತುಗಳನ್ನು ಹೇಳಿದ್ದಾರೆ: ನೋಯಿಸಬೇಕೆಂದೇ ಮಾಡುವದು, ಮತ್ತೆ ಮತ್ತೆ ಮಾಡುವದು, ತಿರುಗಿ ನಿಲ್ಲಲಾರದವನಿಗೆ ಮಾಡುವದು. ಸರಿಜೋಡಿಯ ಇಬ್ಬರು ಇಂದು ಗುದ್ದಾಡಿ ನಾಳೆ ಗೋಲಿ ಆಡಿದರೆ ಅದು ಬರಿಯ ಜಗಳ. ದಿನಾಲು ಒಬ್ಬನದೇ ಡಬ್ಬಿ ಹೋಗುತ್ತಿದ್ದರೆ ಅದು ಜಗಳವಲ್ಲ.

ಇದರಿಂದ ಕೆಡುವವನು ಪೆಟ್ಟು ತಿಂದವನೊಬ್ಬನೇ ಅಲ್ಲ. ಆರರಿಂದ ಒಂಬತ್ತನೆಯ ಇಯತ್ತೆಯಲ್ಲಿ ಇತರರನ್ನು ಕಾಡಿಸುತ್ತಿದ್ದ ಹುಡುಗರ ಮುಂದಿನ ಬಾಳನ್ನು ಓಲ್ವೇಯಸ್ ಅವರು ಪರಿಶೀಲಿಸಿದರು. ಅವರಲ್ಲಿ ನೂರಕ್ಕೆ ಸುಮಾರು 60 ಜನರು 24 ವರ್ಷ ವಯಸ್ಸಿನೊಳಗೆ ಕೋರ್ಟಿನಲ್ಲಿ ಒಮ್ಮೆಯಾದರೂ ಅಪರಾಧಿಗಳೆಂದು ಠರಾಯಿಸಲ್ಪಟ್ಟಿದ್ದರು. ಇಂಥ ಮಕ್ಕಳ ಮನೆಗಳಲ್ಲಿ ಹೆಚ್ಚಾಗಿ ಕಂಡುಬಂದ ದೋಷಗಳು ಮೂರು: ಅಕ್ಕರೆಯ ಮಾತುಕತೆ ಕಡಿಮೆ, ದಾಂಡಿಗತನವನ್ನು ನೋಡಿಯೂ ಸುಮ್ಮನಿರುವದು, ಹೊಡೆದು ಬಡಿದು ಬೆಳೆಸುವದು. ಓದಿದಾಗ ನಮ್ಮ ಎದೆ ಧಸಕ್ಕೆಂದಿತು. ಮೂರೂ ನಮ್ಮ ಮನೆಯಲ್ಲಿದ್ದವು.

"ಸಾಲೆಯವರೇ ನಾಲ್ಕು ಬಾರಿಸಿ ಸರಿಮಾಡಲಿ" ಎನ್ನುವಂತೆಯೂ ಇಲ್ಲ. 2009ರ ಶಿಕ್ಷಣ ಹಕ್ಕಿನ ಕಾಯದೆಯ 17ನೆಯ ಕಲಮು ಸಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದನ್ನು ಕಾಯದೆ ಅಪರಾಧವೆಂದೇ ಎಣಿಸುವದಿಲ್ಲ. ತಿದ್ದುವ ಹೊಣೆ ಮೊದಲು ಮನೆಯದೇ.

ಆಮೇಲೆ ನಾವು ಮಾಡಿದ್ದಿಷ್ಟು. ಸಿಟ್ಟು ಇಳಿದ ಬಳಿಕ ಮಗನನ್ನು ಹತ್ತಿರ ಕೂಡಿಸಿಕೊಂಡು, "ಹೀಗೆ ಮಾಡಿದ್ದು ನಮಗೆ ಗೊತ್ತು, ಯಾಕೆ ಮಾಡಿದೆ ಹೇಳು" ಎಂದು ಕೇಳಿದೆವು. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟನು. ಎರಡು ವರ್ಷದ ಹಿಂದೆ ಅವನ ಕನ್ನಡ ಬೆರೆತ ಮರಾಠಿಯನ್ನು ದೊಡ್ಡ ಹುಡುಗರು ಹೀಗೆಯೇ ಅಣಕಿಸಿದ್ದರಂತೆ. ನಮಗೆ ಅದು ಗೊತ್ತೇ ಇರಲಿಲ್ಲ. ಆದರೆ ಕಾರಣ ಸಿಕ್ಕಿತೆಂದು ತಪ್ಪು ಮಾಫಾಗದು. ಮುರಿದ ಡಬ್ಬಿಯ ಬದಲು ಹೊಸದನ್ನು ಅವನು ಕೂಡಿಟ್ಟ ದುಡ್ಡಿನಿಂದಲೇ ತರಿಸಿದೆವು.

ಬಳಿಕ ನಾವೇ ಆ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಚಿಕ್ಕವನು ನಮ್ಮ ಮಗನ ಮುಖ ನೋಡಲೊಲ್ಲೆನೆಂದನು, ಒತ್ತಾಯ ಮಾಡಲಿಲ್ಲ. ಹೆದರಿದ ಮಗುವಿನ ಕೈ ಹಿಡಿದೆಳೆದು ರಾಜಿ ಮಾಡಿಸುವದು ಇನ್ನೊಂದು ಪೀಡೆಯೇ ಸರಿ. ಎರಡು ತಿಂಗಳು ಪ್ರತಿ ಶನಿವಾರ ಮಾಸ್ತರರನ್ನು ಕಂಡು ವಿಚಾರಿಸಿದೆವು. ಪಾಳಿ ಮುಗಿದ ಮೇಲೆ ದಿನಾಲು ಅರ್ಧ ತಾಸು ಮಗನೊಡನೆ ಕೂಡುವ ರೂಢಿ ಮಾಡಿಕೊಂಡೆವು. ಬೆಲ್ಟನ್ನು ಮತ್ತೆ ಆ ಕೆಲಸಕ್ಕೆ ಮುಟ್ಟಲಿಲ್ಲ.

ಇಬ್ಬರೂ ಗೆಳೆಯರಾದರೆಂದು ಹೇಳಲಾರೆವು. ಆದರೆ ಆ ಹುಡುಗ ಸಾಲೆಗೆ ಹೋಗುತ್ತಿದ್ದಾನೆ. ಅವನ ಡಬ್ಬಿಯನ್ನು ಅವನೇ ಉಣ್ಣುತ್ತಿದ್ದಾನೆ.

ವಾಚಕರಲ್ಲಿ ಯಾರ ಮಗುವಾದರೂ ಪೀಡೆಗೆ ಸಿಕ್ಕಿ ದಾರಿ ತೋಚದಿದ್ದರೆ 1098 ನಂಬರಿಗೆ ಹಗಲಿರುಳು ಪುಕ್ಕಟೆ ಫೋನು ಮಾಡಬಹುದು. ಇನ್ನು, ನಿಮ್ಮ ಮಗನ ಮೇಲೆ ದೂರು ಹೊತ್ತು ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಬೇಡಿರಿ. ಒಳಗೆ ಕರೆದು, ಒಂದು ತಂಬಿಗೆ ನೀರು ಕೊಟ್ಟು, ಪೂರ್ತಿ ಕೇಳಿರಿ. ನಿಮ್ಮ ಮಗನ ಹಿತವನ್ನೇ ಅವರು ನಿಮ್ಮ ಮನೆಗೆ ತಂದಿರುತ್ತಾರೆ.